ಮಿರಗದ ಮಳೆ ಬಿದ್ದ ಮೇಲೆ ಬಡಿದ ಬಿಸಿಲು: ಕಲಬುರಗಿಯ ಒಂದು ಸೇನಾ ಭರ್ತಿ ತರಬೇತಿ ಶಿಬಿರದ ಪ್ರಕರಣ

ಗುರುತು ಸಿಗದಂತೆ ಯುವಕನ ಊರು, ಶಿಬಿರದ ಜಾಗ, ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ. ಘಟನೆಗಳ ಕ್ರಮವನ್ನು ಮತ್ತು ವೈದ್ಯಕೀಯ ವಿವರಗಳನ್ನು ಬದಲಿಸಿಲ್ಲ.

ಹಿನ್ನೆಲೆ

ಕಲಬುರಗಿ ನಗರದ ಹೊರವಲಯದಲ್ಲಿ ಬಾಡಿಗೆ ಹೊಲವೊಂದನ್ನು ಹದ ಮಾಡಿಕೊಂಡು ನಡೆಯುತ್ತಿದ್ದ ವಸತಿ ಶಿಬಿರ ಅದು. ಸೇನಾ ಭರ್ತಿ ರ್‍ಯಾಲಿಗೆ ಹುಡುಗರನ್ನು ತಯಾರು ಮಾಡುವುದು ಅದರ ಕೆಲಸ. ನಲವತ್ತಕ್ಕೂ ಹೆಚ್ಚು ಹುಡುಗರು, ತಗಡಿನ ಶೆಡ್ಡು, ನೆಲಕ್ಕೆ ಶಹಾಬಾದ್ ಫರ್ಸಿ. ನಡೆಸುವವರು ನಿವೃತ್ತ ಹವಾಲ್ದಾರರು, ಹುಡುಗರ ಬಾಯಲ್ಲಿ ‘ಉಸ್ತಾದ್’. ರ್‍ಯಾಲಿಯಲ್ಲಿ 1.6 ಕಿಲೋಮೀಟರ್ ಓಟವೇ ಹೆಚ್ಚು ಜನರನ್ನು ಮನೆಗೆ ಕಳಿಸುವುದರಿಂದ ಶಿಬಿರದ ದಿನಚರಿಯೆಲ್ಲ ಓಟದ ಸುತ್ತಲೇ ಕಟ್ಟಿದ್ದು.

ಉಸ್ತಾದರು ಅಜಾಗರೂಕರಾಗಿದ್ದರು ಎನ್ನುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಊರಿದು. ಅವರೂ ಆ ಎರಡು ತಿಂಗಳು ಬೆಳಿಗ್ಗೆ 5ಕ್ಕೆ ಗ್ರೌಂಡಿಗಿಳಿಸಿ 6.45ಕ್ಕೆ ಎಲ್ಲರನ್ನೂ ನೆರಳಿಗೆ ತರುತ್ತಿದ್ದರು. 43 ಡಿಗ್ರಿ ಬಿಸಿಲಿನ ಮೇ ತಿಂಗಳು ಒಬ್ಬನಿಗೂ ಏನೂ ಆಗದೆ ಕಳೆಯಿತು. ಎಚ್ಚರ ಸಡಿಲಾಗಲು ಆ ಮೇ ತಿಂಗಳೇ ಕಾರಣವಾಯಿತು.

ಜೂನ್ ಎರಡನೇ ವಾರ ಮಿರಗದ ಮಳೆ ಬಿತ್ತು. ಮೋಡ ಕವಿಯಿತು, ಗಾಳಿ ತಂಪಾಯಿತು ಅನ್ನಿಸಿತು. ‘ಮಳಿ ಬಂತು, ಬ್ಯಾಸಗಿ ಮುಗೀತು’ ಎಂದು ವೇಳಾಪಟ್ಟಿ ಬದಲಾಯಿತು. ಅಭ್ಯಾಸ 7.30ರಿಂದ 9.30ಕ್ಕೆ ಬಂತು. ವಾರಕ್ಕೊಮ್ಮೆ 10 ಕಿಲೋ ಮರಳು ತುಂಬಿದ ಪಿಠ್ಠೂ ಬೆನ್ನಿಗೇರಿಸಿ 8 ಕಿಲೋಮೀಟರ್ ಓಟವೂ ಸೇರಿತು. ಮಳೆ ಬಿದ್ದು ಮೂರನೆಯ ದಿನ ಆ ಓಟ ಇಟ್ಟರು.

ಯುವಕ

ವಯಸ್ಸು 19, ಯಾದಗಿರಿ ಜಿಲ್ಲೆಯವನು. ಶಿಬಿರಕ್ಕೆ ಬಂದು ಐದು ದಿನವಾಗಿತ್ತು. ಅದಕ್ಕೂ ಮುಂಚೆ ನಾಲ್ಕು ತಿಂಗಳು ಬೆಂಗಳೂರಿನ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದ. ಸೇರಿಸಿಕೊಳ್ಳುವಾಗ ಯಾರೂ ಇದನ್ನು ಕೇಳಲಿಲ್ಲ, ಕೇಳಿದ್ದರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬಿಸಿಲಲ್ಲೇ ಹುಟ್ಟಿ ಬೆಳೆದ ಹುಡುಗ, ಅವನಿಗೇನು ಒಗ್ಗಿಸುವುದು ಎಂಬುದು ಎಲ್ಲರ ತಿಳಿವಳಿಕೆ.

ದೇಹ ಊರಿನ ಹೆಸರು ನೋಡುವುದಿಲ್ಲ. ಸೆಕೆಗೆ ಒಗ್ಗುವುದೆಂದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗಿ ಹೆಚ್ಚು ಬರುತ್ತದೆ, ಬೆವರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅದೇ ಓಟಕ್ಕೆ ಎದೆಬಡಿತ ಇಳಿಯುತ್ತದೆ. ಇದಕ್ಕೆ ದಿನಕ್ಕೆ ಒಂದರಿಂದ ಎರಡು ಗಂಟೆ ಸೆಕೆಯಲ್ಲಿ ಮೈ ದಂಡಿಸಿದರೆ 10ರಿಂದ 14 ದಿನ ಬೇಕು. ಬಿಟ್ಟರೆ ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಡುತ್ತದೆ. ನಾಲ್ಕು ತಿಂಗಳು ಬೆಂಗಳೂರಲ್ಲಿದ್ದ ಈ ಹುಡುಗ ಶಿಬಿರದ ಲೆಕ್ಕದಲ್ಲಿ ಹೊಸಬ. ಹಳಬರು ಮೇ ತಿಂಗಳು ಅಲ್ಲೇ ಕಳೆದಿದ್ದರು, ಅಂದು ಅವರೆಲ್ಲ ಓಟ ಮುಗಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಮೂರು ಸಂಗತಿ ಆಮೇಲೆ ಹೊರಬಿದ್ದವು. ಎರಡು ದಿನ ಮೊದಲು ಅವನಿಗೆ ಹೊಟ್ಟೆ ಕೆಟ್ಟಿತ್ತು. ನೆಗಡಿಗೆಂದು ಅಂಗಡಿಯಲ್ಲಿ ಗುಳಿಗೆ ತೆಗೆದುಕೊಂಡಿದ್ದ. ಅಂಥ ಹಳೆಯ ನೆಗಡಿ ಗುಳಿಗೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಬೆವರನ್ನು ತಗ್ಗಿಸಬಲ್ಲದು. ಹಿಂದಿನ ರಾತ್ರಿ ಕರೆಂಟು ಹೋಗಿ ತಗಡಿನ ಶೆಡ್ಡಿನಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಇವುಗಳಲ್ಲಿ ಯಾವುದೇ ಒಂದನ್ನು ಬೆಳಿಗ್ಗೆ ಉಸ್ತಾದರ ಕಿವಿಗೆ ಹಾಕಿದ್ದರೂ ಅವನನ್ನು ಓಟಕ್ಕೆ ಬಿಡದೆ ಕೂರಿಸಬಹುದಿತ್ತು. ಹುಡುಗ ಬಾಯಿ ಬಿಡಲಿಲ್ಲ. ಐದು ವಾರದಲ್ಲಿ ರ್‍ಯಾಲಿ ಇತ್ತು.

ಆ ಬೆಳಗಿನ ಸೆಕೆ ಎಷ್ಟಿತ್ತು

ಶಿಬಿರದಲ್ಲಿದ್ದದ್ದು ಗೋಡೆಗೆ ನೇತುಹಾಕಿದ ಒಂದು ಥರ್ಮಾಮೀಟರ್, ಮತ್ತೆ ಮೊಬೈಲಿನ ಹವಾಮಾನ. ಎರಡೂ ತೋರಿಸುವುದು ಗಾಳಿಯ ಉಷ್ಣತೆ ಮಾತ್ರ. ಅದೊಂದೇ ನೋಡಿದರೆ ಮೋಸ ಹೋಗುತ್ತೇವೆಂದು ಸೇನೆಗಳು ಕಲಿತದ್ದು 1950ರ ದಶಕದಲ್ಲಿ. ಅಮೆರಿಕದ ಮರೀನ್ ದಳದ ಪ್ಯಾರಿಸ್ ಐಲೆಂಡ್ ತರಬೇತಿ ಕೇಂದ್ರದಲ್ಲಿ ಪ್ರತಿ ಬೇಸಿಗೆಯೂ ಹೊಸ ಸೈನಿಕರು ಕುಸಿಯುತ್ತಿದ್ದರು. ಅದನ್ನು ತಡೆಯಲು ಯಾಗ್ಲೂ ಮತ್ತು ಮಿನಾರ್ಡ್ ರೂಪಿಸಿದ ಅಳತೆ, 1957ರಲ್ಲಿ ಪ್ರಕಟವಾದದ್ದು, ಇಂದಿಗೂ ಸೇನೆ, ಗಣಿ, ಕ್ರೀಡಾಂಗಣಗಳಲ್ಲಿ ಬಳಕೆಯಲ್ಲಿದೆ: ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್. ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರಿನ ಅಳತೆಗೆ 0.7, ಕಪ್ಪು ಗೋಳದೊಳಗಿನ ಥರ್ಮಾಮೀಟರಿಗೆ 0.2, ಬರಿ ಗಾಳಿಯ ಉಷ್ಣತೆಗೆ 0.1 ಪಾಲು ಕೊಟ್ಟು ಕೂಡಿಸುವುದು. ಗಾಳಿಯ ಉಷ್ಣತೆಗೆ ಹತ್ತರಲ್ಲಿ ಒಂದೇ ಪಾಲು ಎಂಬುದನ್ನು ಗಮನಿಸಬೇಕು.

ಇದು ನಮ್ಮ ಕಡೆ ಹೇಗೆ ತಿರುಗುತ್ತದೆಂದು ನೋಡಲು ಎರಡು ಬೆಳಗಿನ ಎಂಟೂವರೆ ಹೊತ್ತನ್ನು ಲೆಕ್ಕಕ್ಕಿಟ್ಟುಕೊಳ್ಳೋಣ. ಒಣ ಮೇ: ಗಾಳಿ 34, ಒದ್ದೆ ಬತ್ತಿ 22, ಕಪ್ಪು ಗೋಳ 46. ಕೂಡಿದರೆ 15.4 + 9.2 + 3.4 = 28.0. ಮಳೆ ಬಿದ್ದ ಜೂನ್, ತೆಳು ಮೋಡ: ಗಾಳಿ 31, ಒದ್ದೆ ಬತ್ತಿ 27, ಕಪ್ಪು ಗೋಳ 39. ಕೂಡಿದರೆ 18.9 + 7.8 + 3.1 = 29.8. ಥರ್ಮಾಮೀಟರ್ ಮೂರು ಡಿಗ್ರಿ ಇಳಿದಿದೆ, ಓಡುವವನ ಮೈಗೆ ಸೆಕೆ ಸುಮಾರು ಎರಡು ಡಿಗ್ರಿ ಏರಿದೆ.

ಓಡುವಾಗ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಬರಿ ಶಾಖವಾಗುತ್ತದೆ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆರದೆ ನೆಲಕ್ಕೆ ತೊಟ್ಟಿಕ್ಕಿದರೆ ಏನನ್ನೂ ಒಯ್ಯುವುದಿಲ್ಲ. ಮೇ ತಿಂಗಳಲ್ಲಿ ಅಂಗಿ ಒಣಗಿ ಉಪ್ಪಿನ ಬಿಳಿ ಗೆರೆ ಮೂಡುತ್ತಿತ್ತು, ಅಂದು ಎಲ್ಲರ ಅಂಗಿಯೂ ಹಿಂಡಿದರೆ ನೀರು ಸುರಿಯುವಂತಿತ್ತು. ಸಾಕಷ್ಟು ಬೆವರುತ್ತಿದ್ದಾರೆ, ಚಿಂತೆಯಿಲ್ಲ ಎಂದು ಅದನ್ನೇ ತಪ್ಪಾಗಿ ಓದಲಾಯಿತು.

ಮರೀನ್ ದಳದ ಬಾವುಟ ಪದ್ಧತಿಯಲ್ಲಿ 29.4ರಿಂದ 31ರವರೆಗೆ ಹಳದಿ. ಹಳದಿಯಲ್ಲಿ, ಬಂದು ಎರಡು ಮೂರು ವಾರವಾಗದ ಹೊಸಬರ ಕಠಿಣ ಕಸರತ್ತನ್ನು ಮೊಟಕು ಮಾಡುತ್ತಾರೆ. 31.1 ದಾಟಿದರೆ ಕೆಂಪು, 32.2 ದಾಟಿದರೆ ಕಪ್ಪು; ಕಪ್ಪು ಬಂದರೆ ಎಲ್ಲರ ಕಸರತ್ತೂ ಬಂದ್. ಆ ನಿಯಮದಂತೆ ಹಳಬರು ಓಡಬಹುದಿತ್ತು, ಐದು ದಿನದ ಹುಡುಗ ಪಿಠ್ಠೂ ಮುಟ್ಟಬಾರದಿತ್ತು.

ಬಿದ್ದ ಮೇಲಿನ ನಲವತ್ತು ನಿಮಿಷ

ಆರನೆಯ ಕಿಲೋಮೀಟರಿನಲ್ಲಿ ಅವನ ಹೆಜ್ಜೆ ತಪ್ಪಿತು. ಇಬ್ಬರು ಗೆಳೆಯರು ತೋಳು ಹಿಡಿದು ಎಳೆದುಕೊಂಡು ಓಡಿದರು. ಗೆಳೆತನದಿಂದ ಮಾಡಿದ ಕೆಲಸವೇ ಇಲ್ಲಿ ಅಪಾಯ ತಂದಿತು: ನಿಲ್ಲಬೇಕಾದ ಮೈ ನಿಲ್ಲಲಿಲ್ಲ. ಉಸ್ತಾದರು ‘ಏನಾತೋ?’ ಎಂದು ಕೂಗಿದಾಗ, ಅದುವರೆಗೆ ತಲೆಯೆತ್ತಿ ಮಾತಾಡದ ಹುಡುಗ ಕೆಟ್ಟದಾಗಿ ಬೈದ. ಸುತ್ತಲಿದ್ದವರು ನಕ್ಕರು, ಉಸ್ತಾದರಿಗೆ ಸಿಟ್ಟು ಬಂತು. ಮುನ್ನೂರು ಮೀಟರ್ ಆಚೆ ಅವನು ಬಿದ್ದ.

ಆ ಬೈಗುಳವೇ ಮೊದಲ ರೋಗಲಕ್ಷಣ. ಶ್ರಮದಿಂದಾಗುವ ಉಷ್ಣಾಘಾತದ, ಅಂದರೆ ಬಿಸಿಲು ಬಡಿಯುವುದರ (ಹೀಟ್ ಸ್ಟ್ರೋಕ್) ಗುರುತು ಎರಡು: ಒಳಮೈ ಉಷ್ಣತೆ 40 ಡಿಗ್ರಿ ದಾಟಿರುವುದು, ಮತ್ತು ಮಿದುಳು ತಪ್ಪು ಮಾಡುವುದು. ಎರಡನೆಯದು ಗೊಂದಲ, ತೊದಲು, ಇದ್ದಕ್ಕಿದ್ದಂತೆ ಸಿಟ್ಟು, ತಪ್ಪು ದಿಕ್ಕಿಗೆ ಓಡುವುದು, ಹೀಗೆ ಯಾವ ರೂಪದಲ್ಲಾದರೂ ಬರಬಹುದು. ಸ್ವಭಾವ ಬದಲಾದರೆ ಅದನ್ನು ಶಿಸ್ತಿನ ಪ್ರಶ್ನೆಯಾಗಿ ನೋಡಬಾರದು.

ಬಿದ್ದ ಮೇಲೆ ಎಂಟು ನಿಮಿಷ ವ್ಯರ್ಥವಾದವು. ಮೈ ಬೆವರಿನಿಂದ ತೊಯ್ದಿತ್ತು. ಬಿಸಿಲು ಬಡಿದರೆ ಚರ್ಮ ಒಣಗಬೇಕಲ್ಲ ಎಂದು ಯಾರೋ ಅಂದರು. ಮನೆಯಲ್ಲಿ ಮಲಗಿದ ವೃದ್ಧರಿಗೆ ಬಡಿಯುವ ಉಷ್ಣಾಘಾತದಲ್ಲಿ ಅದು ಸಾಮಾನ್ಯ. ಓಡುತ್ತ ಬಿದ್ದವನು ಬೆವರುತ್ತಲೇ ಇರಬಹುದು. ಕೊರೊನಾ ಕಾಲದಿಂದ ಉಳಿದಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರ್ ತಂದು ಹಿಡಿದರು, 37.6 ತೋರಿಸಿತು. ಬೆವರು ಆರುತ್ತಿರುವ ಹಣೆ ಒಳಮೈಯ ಸುದ್ದಿ ಹೇಳಲಾರದು. ಬಾಯಿ, ಕಂಕುಳು, ಕಿವಿಯ ಅಳತೆಗಳೂ ಇಲ್ಲಿ ನಂಬಿಕೆಗೆ ಬರುವುದಿಲ್ಲ, ಗುದದ ಅಳತೆಯೊಂದೇ ಸರಿ. ಅಷ್ಟರಲ್ಲಿ ಒಬ್ಬ ಅರೆಪ್ರಜ್ಞೆಯ ಬಾಯಿಗೆ ನೀರು ಹಾಕಿದ, ಹುಡುಗ ಕೆಮ್ಮಿ ವಾಂತಿ ಮಾಡಿದ.

ಜೀಪು ಬಂತು. ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಪ್ರಕರಣ ತಿರುಗಿದ್ದು ಇಲ್ಲಿ. ಸ್ಟೋರ್ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ನಿವೃತ್ತ ಸೈನಿಕರು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು. ಅವರು ಜೀಪಿನ ಬಾಗಿಲಿಗೆ ಅಡ್ಡ ನಿಂತು, ‘ಮೊದಲ ತೊಟ್ಟಿಗಿ ಹಾಕ್ರಿ, ಆಮ್ಯಾಲ ಜೀಪಿಗಿ’ ಎಂದರು. ಉಸ್ತಾದರು ‘ಸಾಯ್ತಾನ್ರೀ ಅವ, ಹೊತ್ತು ಕಳೀಬ್ಯಾಡ್ರಿ’ ಎಂದರು. ಇಬ್ಬರಿಗೂ ಹುಡುಗನ ಜೀವದ್ದೇ ಚಿಂತೆ. ಸೇನಾ ವೈದ್ಯಕೀಯದ ಅನುಭವ ಮಾತ್ರ ಮೊದಲನೆಯವರ ಪರವಾಗಿತ್ತು: ಮೊದಲು ತಂಪು, ಆಮೇಲೆ ಸಾಗಾಟ. ಅಂಗಾಂಗ ಹಾಳಾಗುವುದನ್ನು ನಿರ್ಧರಿಸುವುದು ಉಷ್ಣತೆ ಎಷ್ಟಕ್ಕೇರಿತು ಎನ್ನುವುದಕ್ಕಿಂತ ಎಷ್ಟು ಹೊತ್ತು ಮೇಲೆಯೇ ನಿಂತಿತ್ತು ಎನ್ನುವುದು. ಬಿದ್ದ 30 ನಿಮಿಷದೊಳಗೆ ಇಳಿಸುವುದು ಗುರಿ. ಅಮೆರಿಕದ ಫಾಲ್ಮತ್ ರಸ್ತೆ ಓಟದಲ್ಲಿ 18 ವರ್ಷಗಳಲ್ಲಿ ಉಷ್ಣಾಘಾತವಾದ 274 ಓಟಗಾರರನ್ನು ಅಲ್ಲೇ ಮಂಜುಗಡ್ಡೆ ನೀರಿನ ಟಬ್ಬಿಗೆ ಇಳಿಸಿದ್ದರು. ಒಬ್ಬರೂ ಸಾಯಲಿಲ್ಲ.

ಪಕ್ಕದ ಹೊಲದ ಬೋರ್‌ವೆಲ್ ಹತ್ತಿರ ಎಮ್ಮೆಗಳಿಗೆ ನೀರು ಕುಡಿಸುವ ಸಿಮೆಂಟ್ ತೊಟ್ಟಿಯಿತ್ತು. ಪಿಠ್ಠೂ, ಬೂಟು, ಅಂಗಿ ಬಿಚ್ಚಿ ಕುತ್ತಿಗೆಯವರೆಗೆ ಮುಳುಗಿಸಿದರು. ತಲೆ ಜಾರದಂತೆ ಎರಡೂ ಕಂಕುಳಡಿ ಒಂದು ಟವೆಲ್ ಹಾಯಿಸಿ ಹಿಂದಿನಿಂದ ಒಬ್ಬ ಹಿಡಿದುಕೊಂಡ. ತಲೆಗೆ ಒದ್ದೆ ಬಟ್ಟೆ. ಇಬ್ಬರು ಹುಡುಗರು ಕೈಯಿಂದ ನೀರು ಕಲಕುತ್ತಲೇ ಇದ್ದರು. ಇದನ್ನು ಬಿಡಬಾರದು, ನಿಂತ ನೀರಲ್ಲಿ ಮೈ ಸುತ್ತಲೂ ಬೆಚ್ಚನೆಯ ಪದರ ಕಟ್ಟಿಕೊಂಡು ತಂಪಾಗುವುದು ನಿಧಾನವಾಗುತ್ತದೆ. ಮೋಟಾರು ಹಾಕಿ ಹೊಸ ನೀರು ಬಿಟ್ಟರು. ಫ್ರಿಜ್ಜಿನಲ್ಲಿದ್ದ ಆರು ಬಾಟಲಿಯೂ ತೊಟ್ಟಿಗೆ ಸುರಿದವು. ಮಂಜುಗಡ್ಡೆ ನೀರು ನಿಮಿಷಕ್ಕೆ ಸುಮಾರು 0.2 ಡಿಗ್ರಿ ಇಳಿಸುತ್ತದೆ. ಬೋರಿನ ನೀರು ಅಷ್ಟು ವೇಗದ್ದಲ್ಲ, ಆದರೂ ಜೀಪಿನ ಕಿಟಕಿ ಗಾಳಿಗಿಂತ ಬಹಳ ವಾಸಿ. ಅಷ್ಟರಲ್ಲಿ 108ಕ್ಕೆ ಕರೆ ಹೋಗಿತ್ತು.

ಹದಿನೆಂಟು ನಿಮಿಷಕ್ಕೆ ಅವನು ನಡುಗಿದ, ತನ್ನ ಹೆಸರು ಹೇಳಿದ. ಆಂಬ್ಯುಲೆನ್ಸ್ ಬಂದಾಗ ಬಿದ್ದು ಅರ್ಧ ಗಂಟೆ ಕಳೆದಿತ್ತು. ಗುದದ ಥರ್ಮಾಮೀಟರ್ ಇದ್ದರೆ 38.9ಕ್ಕೆ ಬಂದ ಕೂಡಲೇ ಹೊರತೆಗೆಯಬೇಕು, ಇಲ್ಲವಾದರೆ ಮೈ ಅತಿಯಾಗಿ ತಣ್ಣಗಾಗುತ್ತದೆ. ಇಲ್ಲಿ ನಡುಕ ಮತ್ತು ಮಾತನ್ನೇ ನೆಚ್ಚಿಕೊಳ್ಳಬೇಕಾಯಿತು.

ಆಸ್ಪತ್ರೆಯಲ್ಲಿ ಕಂಕುಳಿನ ಅಳತೆ 38.1 ಬಂದು, ಸುಸ್ತಿನ ಪ್ರಕರಣವೆಂದು ಹೊರಡಿಸುವ ಮಾತು ನಡೆದಿತ್ತು. ಜೊತೆಗೆ ಹೋಗಿದ್ದ ನರ್ಸಿಂಗ್ ಅಸಿಸ್ಟೆಂಟ್ ಗುದದ ಅಳತೆಗೆ ಪಟ್ಟು ಹಿಡಿದರು. ಇಷ್ಟೆಲ್ಲ ತಣಿಸಿದ ಮೇಲೂ 39.4. ಒಳಗೆ ಸೇರಿಸಿಕೊಂಡರು. ಸಂಜೆಗೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು: ಸ್ನಾಯು ಒಡೆದು ಅದರ ಬಣ್ಣದ ಪ್ರೋಟೀನು ಮೂತ್ರಪಿಂಡಕ್ಕೆ ಇಳಿಯುತ್ತಿತ್ತು. ಯಕೃತ್ತಿನ ಕಿಣ್ವಗಳು ಮೊದಲ ದಿನ ಸ್ವಲ್ಪವೇ ಏರಿದ್ದು ಮೂರನೇ ದಿನ ಶಿಖರ ಮುಟ್ಟಿದವು. ಮೊದಲ ದಿನದ ರಕ್ತಪರೀಕ್ಷೆ ನೋಡಿ ಮನೆಗೆ ಕಳಿಸಬಾರದು ಎನ್ನುವುದು ಇದಕ್ಕೇ. ರಕ್ತನಾಳದ ಮೂಲಕ ದ್ರವ ಕೊಟ್ಟು ಮೂತ್ರದ ಪ್ರಮಾಣ ಕಾಯ್ದುಕೊಂಡರು, ಡಯಾಲಿಸಿಸ್ ಬೇಕಾಗಲಿಲ್ಲ. ಪ್ಯಾರಾಸಿಟಮಾಲ್ ಕೊಡಲಿಲ್ಲ, ಸರಿಯಾಗಿಯೇ. ಇದು ಜ್ವರವಲ್ಲವಾದ್ದರಿಂದ ಆ ಗುಳಿಗೆ ಉಷ್ಣತೆ ಇಳಿಸದು, ಪೆಟ್ಟು ತಿಂದ ಯಕೃತ್ತಿಗೆ ಹೊರೆ ಬೇರೆ. ಆರನೇ ದಿನ ಮನೆಗೆ ಹೋದ.

ಮೊದಲ ತಿದ್ದುಪಡಿ, ಅದರದೇ ತಪ್ಪು

ಶಿಬಿರ ಹೆದರಿತ್ತು. ಉಸ್ತಾದರು ಮೊದಲು ಕೈ ಹಾಕಿದ್ದು ನೀರಿಗೆ. ಅವರ ಕಾಲದಲ್ಲಿ ಓಟದ ನಡುವೆ ನೀರು ಕೊಡದಿರುವುದೇ ಮೈ ಗಟ್ಟಿ ಮಾಡುವ ದಾರಿಯಾಗಿತ್ತು. ನೀರಿಲ್ಲದೆ ಇರುವುದನ್ನು ದೇಹ ಅಭ್ಯಾಸದಿಂದ ಕಲಿಯುವುದಿಲ್ಲವೆಂದು ಎರಡನೇ ಮಹಾಯುದ್ಧದ ಹೊತ್ತಿಗೆ ಮರುಭೂಮಿಯಲ್ಲಿ ಸೈನಿಕರ ಮೇಲೆ ಅಮೆರಿಕದ ಶರೀರವಿಜ್ಞಾನಿ ಅಡಾಲ್ಫ್ ಅವರ ತಂಡ ನಡೆಸಿದ ಅಧ್ಯಯನಗಳು ತೋರಿಸಿದ್ದವು. ಆ ಹಳೆಯ ನಂಬಿಕೆಯನ್ನು ಬಿಟ್ಟ ಉಸ್ತಾದರು ನೇರ ಇನ್ನೊಂದು ತುದಿಗೆ ಹೋದರು: ಅರ್ಧ ಗಂಟೆಗೊಂದು ಲೀಟರ್, ಎದುರಿಗೇ ಕುಡಿದು ಬಾಟಲಿ ತಲೆಕೆಳಗು ಮಾಡಿ ತೋರಿಸಬೇಕು.

ಹತ್ತನೇ ದಿನ ಒಬ್ಬ ಹುಡುಗನಿಗೆ ತಲೆನೋವು, ವಾಂತಿ. ಬೆರಳಿನ ಉಂಗುರ ಬಿಗಿದುಕೊಂಡಿತ್ತು. ಬಿಸಿಲು ಬಡಿದಿದೆ ಎಂದು ಇನ್ನಷ್ಟು ನೀರು ಕುಡಿಸಿದರು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಸೋಡಿಯಂ 128ಕ್ಕೆ ಇಳಿದಿತ್ತು. ಬೆವರಲ್ಲಿ ಉಪ್ಪು ಹೋಗುತ್ತಿತ್ತು, ಒಳಗೆ ಬರಿ ನೀರು ತುಂಬುತ್ತಿತ್ತು. ಅಮೆರಿಕದ ಸೇನೆಯೂ ಇದೇ ಗುಂಡಿಗೆ ಬಿದ್ದಿತ್ತು. ಹೆಚ್ಚು ಕುಡಿಸುವ ಆದೇಶದಿಂದ ಸೈನಿಕರು ನೀರಿನ ನಂಜಿಗೆ ಈಡಾದ ಮೇಲೆ 1990ರ ದಶಕದ ಕೊನೆಗೆ ನಿಯಮ ತಿದ್ದಿ, ಗಂಟೆಗೆ ಸುಮಾರು 1.4 ಲೀಟರಿಗಿಂತ, ದಿನಕ್ಕೆ ಸುಮಾರು 11 ಲೀಟರಿಗಿಂತ ಹೆಚ್ಚು ಕೂಡದೆಂದು ಮೇಲ್ಮಿತಿ ಹಾಕಿದರು. ನಮ್ಮ ಹುಡುಗರು ಗಂಟೆಗೆ ಎರಡು ಲೀಟರ್ ಕುಡಿಯುತ್ತಿದ್ದರು.

ಇದಕ್ಕೆ ಸಿಕ್ಕ ಉತ್ತರ ಒಂದು ತೂಕದ ಯಂತ್ರ. ಓಟದ ಮೊದಲು ಮತ್ತು ನಂತರ ಚಡ್ಡಿಯಲ್ಲಿ ನಿಲ್ಲಿಸಿ ತೂಗುವುದು. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ. ತೂಕ ಏರಿದವನು ಅತಿಯಾಗಿ ಕುಡಿದಿದ್ದಾನೆ, ಅವನಿಗೆ ನೀರು ನಿಲ್ಲಿಸಬೇಕು. ಮಜ್ಜಿಗೆಗೆ ಉಪ್ಪು ಬಂತು, ಓಆರ್‌ಎಸ್ ಕೂಡ ಬಂತು. ಒಂದು ಲೀಟರಿಗೆ ಅಳೆದು ಕಟ್ಟಿದ 20.5 ಗ್ರಾಂ ಪೊಟ್ಟಣವನ್ನು ಹುಡುಗರು ಕಾಲು ಲೀಟರ್ ಬಾಟಲಿಗೆ ಸುರಿದು ಕುಡಿಯುತ್ತಿದ್ದುದು ಕಣ್ಣಿಗೆ ಬಿದ್ದ ಮೇಲೆ, ಒಬ್ಬನೇ 20 ಲೀಟರ್ ಕ್ಯಾನಿನಲ್ಲಿ 20 ಪೊಟ್ಟಣ ಕರಗಿಸಿಡುವ ಪದ್ಧತಿ ಮಾಡಿದರು.

ಎರಡನೆಯ ತಿದ್ದುಪಡಿ

ಸೆಕೆ ಅಳೆಯುವ ಕೈಯಂತ್ರ ಕೊಳ್ಳುವವರೆಗೆ ಶಿಬಿರದಲ್ಲೇ ಒಂದು ಕಟ್ಟಿದರು. 15 ಸೆಂಟಿಮೀಟರ್ ಅಡ್ಡಳತೆಯ ತೆಳು ತಾಮ್ರದ ಗೋಳ, ಹೊಳಪಿಲ್ಲದ ಕಪ್ಪು ಬಣ್ಣ, ನಟ್ಟನಡುವೆ ಥರ್ಮಾಮೀಟರಿನ ಬುಡ. ಒದ್ದೆ ಥರ್ಮಾಮೀಟರಿಗೆ ಶುದ್ಧ ಹತ್ತಿಯ ಬತ್ತಿ. ಎರಡನ್ನೂ ನೆಲದಿಂದ ಎದೆಮಟ್ಟಕ್ಕೆ, ಬಯಲಲ್ಲಿ, ಫ್ಯಾನಿಲ್ಲದೆ ನಿಲ್ಲಿಸಬೇಕು. ಗಾಳಿಯ ಥರ್ಮಾಮೀಟರಿಗೆ ಮಾತ್ರ ನೆರಳು. ಗೋಳದ ಅಳತೆ ನೆಲೆಗೊಳ್ಳಲು 25 ನಿಮಿಷವಾದರೂ ಕಾಯಬೇಕು. ಅವಸರದಲ್ಲಿ ನೋಡಿದರೆ ಕಡಿಮೆ ತೋರಿಸಿ ಸುಳ್ಳು ಧೈರ್ಯ ಕೊಡುತ್ತದೆ. ಮೊದಲ ವಾರ ಬತ್ತಿಗೆ ಬೋರಿನ ನೀರನ್ನೇ ಹಾಕಿದ್ದರು. ಇಲ್ಲಿನ ಗಡಸು ನೀರಿನ ಸುಣ್ಣ ಬತ್ತಿಗೆ ಕಟ್ಟಿಕೊಂಡು ನೀರು ಏರದಾಯಿತು, ಬತ್ತಿಯ ತುದಿ ಒಣಗಿ ಅಳತೆ ಎರಡು ಡಿಗ್ರಿ ಹೆಚ್ಚು ಬಂತು. ಈಗ ಬ್ಯಾಟರಿಗೆ ಹಾಕುವ ನೀರು ಹಾಕುತ್ತಾರೆ, ವಾರಕ್ಕೊಮ್ಮೆ ಬತ್ತಿ ಬದಲಿಸುತ್ತಾರೆ.

ಹೊಸಬರ ತೋಳಿಗೆ ಹಳದಿ ಪಟ್ಟಿ, ಹದಿನಾಲ್ಕು ದಿನ. ಮೊದಲ ಮೂರು ದಿನ ನಡಿಗೆ ಮತ್ತು ಅರ್ಧ ಹೊತ್ತಿನ ಓಟ, ಪಿಠ್ಠೂ ಎರಡನೇ ವಾರದ ಕೊನೆಗೆ, ಅದೂ ಅಳತೆ ಹಳದಿ ಮುಟ್ಟದೆ ಹಸಿರು ಬಾವುಟವಿದ್ದರೆ. ಬೆಳಿಗ್ಗೆ ಸಾಲಿನಲ್ಲಿ ಮೂರು ಪ್ರಶ್ನೆ: ಹೊಟ್ಟೆ ಕೆಟ್ಟಿದೆಯೇ, ಜ್ವರ ಬಂದಿತ್ತೇ, ಏನಾದರೂ ಗುಳಿಗೆ ತಿಂದಿದ್ದೀಯಾ. ಎಲ್ಲರೆದುರು ಕೇಳಿದಾಗ ಒಬ್ಬನೂ ಹೌದನ್ನಲಿಲ್ಲ. ಒಬ್ಬೊಬ್ಬನನ್ನೇ ತೂಗುವ ಹೊತ್ತಿನಲ್ಲಿ ಕೇಳಲು ಶುರು ಮಾಡಿದ ಮೇಲೆ ಬಾಯಿ ಬಿಟ್ಟರು. ಹೌದೆಂದವನಿಗೆ ಅಂದು ವಿಶ್ರಾಂತಿ, ಹಾಜರಿಗೆ ಕತ್ತರಿಯಿಲ್ಲ. ಈ ಕೊನೆಯ ಮಾತಿಲ್ಲದಿದ್ದರೆ ಮೊದಲಿನ ಮೂರು ಪ್ರಶ್ನೆಗೆ ಬೆಲೆಯಿಲ್ಲ.

ಮೈದಾನದ ಅಂಚಿಗೆ ದಪ್ಪ ತಾಡಪತ್ರಿ, ಹನ್ನೆರಡು ಟವೆಲ್, ಥರ್ಮಾಕೋಲ್ ಪೆಟ್ಟಿಗೆಯಲ್ಲಿ 20 ಕಿಲೋ ಮಂಜುಗಡ್ಡೆ, ನೀರು ತುಂಬಿದ ಎರಡು ಡ್ರಮ್ಮು. ಬಿದ್ದವನನ್ನು ತಾಡಪತ್ರಿಯ ಮೇಲೆ ಮಲಗಿಸಿ ಎಂಟು ಜನ ಅಂಚು ಎತ್ತಿ ಹಿಡಿದರೆ ತೊಟ್ಟಿಲಾಗುತ್ತದೆ. ಅದಕ್ಕೆ ನೀರು, ಮಂಜುಗಡ್ಡೆ ಸುರಿದು ಅತ್ತಿತ್ತ ತೂಗಬೇಕು. ಅಷ್ಟು ಜನ ಇಲ್ಲದಿದ್ದರೆ ಮಂಜುಗಡ್ಡೆ ನೀರಿನಲ್ಲಿ ಅದ್ದಿದ ಟವೆಲ್ಲುಗಳನ್ನು ಮೈತುಂಬ ಹೊದಿಸಿ ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸುವುದು. ಅಣಕು ಪ್ರಯೋಗದಲ್ಲಿ ಮೊದಲ ಸಲ ಹುಡುಗರು ತಲೆಯ ಕಡೆ ಅಂಚು ತಗ್ಗಿಸಿ ಹಿಡಿದರು, ಮಲಗಿದ್ದವನ ಮೂಗಿಗೆ ನೀರು ಹೋಯಿತು. ಈಗ ತಲೆಯ ಕಡೆ ಎತ್ತರದ ಇಬ್ಬರಿಗೆ ಜಾಗ ಕಾಯಂ.

ಯುವಕನ ಮರಳುವಿಕೆ

ಹತ್ತನೇ ದಿನಕ್ಕೇ ಅವನ ಅಪ್ಪ ಫೋನ್ ಮಾಡಿ, ‘ಹುಡುಗ ಆರಾಮ ಅದಾನ್ರಿ ಸರ್, ಭರ್ತಿಗಿ ಬಿಡ್ರಿ’ ಎಂದರು. ನೋಡಲು ಆರಾಮಾಗಿಯೇ ಇದ್ದ. ರಕ್ತದಲ್ಲಿ ಸ್ನಾಯುವಿನ ಕಿಣ್ವ ಇನ್ನೂ ಮೇಲಿತ್ತು. ಇಸ್ರೇಲಿನ ಸೇನೆ ಇಂಥವರಿಗೆ ಒಂದು ಪರೀಕ್ಷೆ ಮಾಡುತ್ತದೆ: 40 ಡಿಗ್ರಿ, ಶೇ 40 ತೇವದ ಕೋಣೆಯಲ್ಲಿ ಎರಡು ಗಂಟೆ ಟ್ರೆಡ್‌ಮಿಲ್ ನಡಿಗೆ, ಗಂಟೆಗೆ 5 ಕಿಲೋಮೀಟರ್, ಗುದದ ಉಷ್ಣತೆ 38.5 ಅಥವಾ ಎದೆಬಡಿತ 150 ದಾಟಿದರೆ ಇನ್ನೂ ಸಿದ್ಧನಿಲ್ಲವೆಂದು ಲೆಕ್ಕ. ಅಂಥ ಕೋಣೆ ಹುಡುಗನಿಗೆ ಎಟಕುವಂತಿರಲಿಲ್ಲ. ಕಿಣ್ವಗಳು ಸಹಜಕ್ಕೆ ಬರುವವರೆಗೆ ಓಟವಿಲ್ಲ, ಆಮೇಲೆ ತಂಪು ಹೊತ್ತಿನಲ್ಲಿ ನಡಿಗೆ, ಅದಾದ ಮೇಲೆ ಹೊಸಬನಂತೆ ಮತ್ತೆ ಹದಿನಾಲ್ಕು ದಿನ ಎಂದು ವೈದ್ಯರು ಬರೆದುಕೊಟ್ಟರು.

ರ್‍ಯಾಲಿ ತಪ್ಪಿತು. ಅಪ್ಪ ಬಂದು ಉಸ್ತಾದರೊಡನೆ ಜಗಳವಾಡಿ ಹೋದರು. ಬಿದ್ದು ಎಂಟನೇ ವಾರಕ್ಕೆ ಹುಡುಗ ತಾನೇ ಬಂದ. ತೋಳಿಗೆ ಹಳದಿ ಪಟ್ಟಿ ಕಟ್ಟಿಸಿಕೊಂಡು, ತನಗಿಂತ ಮೂರು ದಿನ ಹಿಂದೆ ಬಂದ ಹುಡುಗರ ಜೊತೆ ಸಾಲಿನಲ್ಲಿ ನಿಂತು, ತೂಕದ ಯಂತ್ರ ಹತ್ತಿದ. ನಿನ್ನೆ ರಾತ್ರಿ ನಿದ್ದೆ ಬಂತೇ ಎಂದು ಸ್ಟೋರಿನವರು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ರೀ’ ಎಂದ. ಅಂದು ಅವನು ಬೇವಿನ ನೆರಳಲ್ಲಿ ಕೂತು ಬತ್ತಿಗೆ ನೀರು ಹಾಕಿದ, ಅರ್ಧ ಗಂಟೆಗೊಮ್ಮೆ ಅಳತೆ ಬರೆದ.